ಜೀಪಿನ ಬಲಗಡೆಯ ಸೀಟು

ಜೀಪಿನ ಬಲಗಡೆಯ ಸೀಟಿನಲ್ಲಿ ಮೊದಲ ಸಲ ಕುಳಿತಾಗ ನನಗೆ ನಲವತ್ತಾರು ವರ್ಷ. ಮಕ್ಕಳಿಬ್ಬರ ಮದುವೆಯೂ ಆಗಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಾಗವಾಡದ ಹೊರಗೆ, ದ್ರಾಕ್ಷಿ ತೋಟದಲ್ಲೇ ನಮ್ಮ ಮನೆ. ಯಜಮಾನರ ಹಳೆಯ ಡೀಸೆಲ್ ಜೀಪಿನಲ್ಲಿ ದ್ರಾಕ್ಷಿ ಪೆಟ್ಟಿಗೆ, ಗೊಬ್ಬರದ ಚೀಲ, ಬೀಗರು ಎಲ್ಲರೂ ಓಡಾಡುತ್ತಿದ್ದರು. ನಾನೂ ಓಡಾಡುತ್ತಿದ್ದೆ, ಅವರಿಗೆ ಬಿಡುವಾದಾಗ, ಅವರು ಹೊರಟ ಕಡೆಗೆ.

ಆ ವರ್ಷ ಮಿರಜಿನಲ್ಲಿ ಅವರ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣಿನದೂ ಆಗಿ, ಎರಡೂ ಸರಿಹೋಗುವವರೆಗೆ ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಜೀಪು ಶೆಡ್ಡಿನಲ್ಲಿ ನಿಂತಿತು. ನಮ್ಮ ಬೆಕ್ಕು ಅದರ ಬಾನೆಟ್ಟಿನ ಮೇಲೆ ಮಲಗುವುದನ್ನು ರೂಢಿ ಮಾಡಿಕೊಂಡಿತು.

ಅಷ್ಟರಲ್ಲಿ ನಿಪ್ಪಾಣಿಯಿಂದ ಅಕ್ಕನ ಕಾಗದ ಬಂತು. ಮೊಣಕಾಲು ಹಿಡಿದುಬಿಟ್ಟಿವೆ, ಒಮ್ಮೆ ಬಂದು ಹೋಗು ಎಂದು ಬರೆಸಿದ್ದಳು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಒಂದೇ ಜಿಲ್ಲೆಯಲ್ಲಿದ್ದರೂ ನಾವು ವರ್ಷಕ್ಕೆ ಎರಡು ಸಲ ಕೂಡಿದರೆ ಹೆಚ್ಚು. ಮೂರು ಬಸ್ಸು ಬದಲಿಸಿ ಹೋದೆ. ಮರಳುವಾಗ ಚಿಕ್ಕೋಡಿಯಲ್ಲಿ ಬಸ್ಸು ತಪ್ಪಿತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಕ್ಕ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಬಿಚ್ಚಿ, ಇಳಿಯುತ್ತಿದ್ದ ಸೂರ್ಯನನ್ನು ನೋಡುತ್ತ ಎರಡು ತುತ್ತು ತಿಂದಿರಬೇಕು, ಬಸ್ಸು ಬಂತು. ಜನ ನುಗ್ಗಿದರು. ಗಂಟು ಕೈಜಾರಿ ಯಾರದೋ ಕಾಲಡಿ ಸೇರಿತು. ಹಸಿವೆಯದೇನು, ಉಪವಾಸ ನಮಗೆ ಹೊಸದಲ್ಲ. ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ನಿಂತು ಬರುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಮನೆಯಲ್ಲಿ ಗಾಡಿ ಇದೆ, ನನ್ನ ಎರಡೂ ಕಣ್ಣು ಚೆನ್ನಾಗಿವೆ.

ಮರುದಿನ ಬೆಳಿಗ್ಗೆ ಯಜಮಾನರಿಗೆ ಚಹಾ ಕೊಡುತ್ತ ಕೇಳಿದೆ.

“ನಾ ಗಾಡಿ ಕಲೀಲೇನ್ರಿ?”

“ಯಾವ ಗಾಡಿ?”

“ಮನ್ಯಾಗ ಎಷ್ಟ ಗಾಡಿ ಅದಾವ್ರಿ?”

ಅವರು ನಗಲಿಲ್ಲ, ಬೈಯಲೂ ಇಲ್ಲ. ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು, “ಕಲಿ. ನಾನ ಕಲಸ್ತೀನಿ” ಎಂದರು.

ಅವರ ಪಾಠ ಮೂರೇ ದಿನ ನಡೆಯಿತು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತು, ನಾನು ಗೇರು ಮುಟ್ಟುವ ಮೊದಲೇ ಕೂಗುತ್ತಿದ್ದರು. ಅವರು ಕೂಗಿದರೆ ನನ್ನ ಕಾಲು ಬ್ರೇಕ್ ಬಿಟ್ಟು ಬೇರೆಲ್ಲವನ್ನೂ ಒತ್ತುತ್ತಿತ್ತು. ಮೂರನೆಯ ದಿನ ಜೀಪು ನೇರ ತಿಪ್ಪೆಯೊಳಗೆ ಹೋಗಿ ನಿಂತಿತು. ನಾನು ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು ಮನೆಗೆ ನಡೆದೆ. ಅವತ್ತು ಸಂಜೆ ಅವರೇ ಊರೊಳಗೆ ಹೋಗಿ ಚಾಚಾ ಅವರನ್ನು ಕೇಳಿಕೊಂಡು ಬಂದರು.

ಚಾಚಾ ಎಂದು ಊರೆಲ್ಲ ಕರೆಯುತ್ತಿದ್ದ ಆ ಮುಸ್ಲಿಂ ಹಿರಿಯರು ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಮೊದಲ ದಿನ ಇಂಜಿನ್ ಚಾಲೂ ಮಾಡಲು ಬಿಡಲೇ ಇಲ್ಲ. ಸುಮ್ಮನೆ ಕುಳಿತು ಕ್ಲಚ್ ಒತ್ತು, ಬಿಡು, ಗೇರು ಹಾಕು, ತೆಗೆ. ಎರಡನೆಯ ದಿನ ಕಬ್ಬು ಕಡಿದು ಖಾಲಿಯಾಗಿದ್ದ ನಮ್ಮ ಹೊಲದಲ್ಲೇ ಓಡಿಸಿದೆ. ಐದು ಸಲ ಇಂಜಿನ್ ಬಂದ್ ಬಿತ್ತು. ಆರನೆಯ ಸಲ ನನ್ನ ಕಣ್ಣಲ್ಲಿ ನೀರು ಬಂದದ್ದು ಅವರಿಗೆ ಕಂಡಿರಬೇಕು.

“ಘಾಬರಿ ಯಾಕ ವೈನಿ? ಇದೇನ ಎತ್ತಲ್ಲ, ಹಾಯೂದಿಲ್ಲ. ಬಂದ್ ಬಿದ್ರ ಬೀಳ್ಲಿ, ಮತ್ತ ಚಾಲೂ ಮಾಡ್ರಿ. ರಸ್ತಾ ನೋಡ್ರಿ, ಗೇರ್ ನೋಡಬ್ಯಾಡ್ರಿ. ಗೇರ್ ಎಲ್ಲೂ ಓಡಿ ಹೋಗೂದಿಲ್ಲ.”

ಒಂದು ತಿಂಗಳಲ್ಲಿ ಹೊಲದಿಂದ ಐನಾಪುರದ ರಸ್ತೆಗೆ ಬಂದೆ. ಕಬ್ಬಿನ ಬಂಡಿಗಳ ಸಾಲು ಮುಂದೆ ಸಿಕ್ಕರೆ ದಾಟುವ ಧೈರ್ಯವಾಗದೆ ಎತ್ತಿನ ಹೆಜ್ಜೆಗೇ ಹಿಂದೆ ಹಿಂದೆ ಹೋಗುತ್ತಿದ್ದೆ. ಚಾಚಾ ಅವಸರ ಮಾಡಲಿಲ್ಲ. “ಇವತ್ತ ಬಂಡೀ ಹಿಂದ ಹೋಗೂದ ಕಲೀರಿ. ಅದೂ ಬೇಕಾಗ್ತೈತಿ” ಎಂದು ಕಿಟಕಿಯ ಹೊರಗೆ ನೋಡುತ್ತ ಕೂತರು.

ಲೈಸೆನ್ಸಿನ ಪರೀಕ್ಷೆಯ ದಿನ ಅಧಿಕಾರಿ ಕಾಗದ ನೋಡುವ ಮೊದಲೇ, ನನ್ನ ಜೊತೆ ಬಂದಿದ್ದ ಯಜಮಾನರಿಗೆ “ಹತ್ರಿ ಗಾಡಿ” ಎಂದರು. ಆ ವಾರವಷ್ಟೇ ಎಡಗಣ್ಣಿನ ಪೊರೆ ತೆಗೆಸಿದ್ದ ಅವರು ಕಣ್ಣಿನ ಬಟ್ಟೆ ತೋರಿಸಿ, “ನಾ ಅಲ್ರಿ ಸಾಹೇಬ್ರ, ಇಕೀ” ಎಂದರು. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಗಾಡಿ ಹತ್ತಿ, ಅವರು ಹೇಳಿದ ಎಂಟರ ಸುತ್ತು ಹಾಕಿ, ಹಿಂದಕ್ಕೂ ತಂದು ನಿಲ್ಲಿಸಿದೆ. “ಚಾಂಗ್ಲಾ ಐತಿ, ಚಲೋ ಹೊಡೀತೀರಿ” ಎಂದು ಸಹಿ ಮಾಡಿದರು.

ನಿಪ್ಪಾಣಿಗೆ ಹೊರಟ ಬೆಳಿಗ್ಗೆ ಯಜಮಾನರು ನನಗಿಂತ ಮೊದಲೇ ಎದ್ದು, ರೇಡಿಯೇಟರಿಗೆ ನೀರು ಹಾಕಿ, ಗಾಳಿ ನೋಡಿ, ಹೊಸ ಧೋತರ ಉಟ್ಟು ನಿಂತಿದ್ದರು.

“ನಾ ಒಬ್ಬಾಕೀನ ಹೋಗ್ತೀನ್ರಿ” ಎಂದೆ.

ಹೇಳಿಬಿಟ್ಟ ಮೇಲೆ ಪಾಪ ಅನ್ನಿಸಿತು. ಅವರು “ಕೃಷ್ಣಾ ಬ್ರಿಜ್ ಮ್ಯಾಲ ಸಾವಕಾಶ ಹೋಗು” ಎಂದಷ್ಟೇ ಹೇಳಿ ಗೇಟು ತೆಗೆದರು.

ಕುಡಚಿ, ರಾಯಬಾಗ, ಚಿಕ್ಕೋಡಿ. ಬಸ್ಸಿನಿಂದ ಎಷ್ಟೋ ಸಲ ಕಂಡ ಊರುಗಳೇ. ಆದರೆ ಬಸ್ಸಿನಲ್ಲಿ ಅವು ಪಕ್ಕದಿಂದ ಸರಿದುಹೋಗುತ್ತಿದ್ದವು, ಈಗ ಎದುರಿನಿಂದ ಬರುತ್ತಿದ್ದವು. ರಾಯಬಾಗ ದಾಟಿದ ಮೇಲೆ ಒಂದು ಬೇವಿನ ಮರದಡಿ ನಿಲ್ಲಿಸಿ ನೀರು ಕುಡಿದೆ. ನಿಲ್ಲಿಸು ಎಂದವರು ಯಾರೂ ಇಲ್ಲ, ನಡಿ ಎನ್ನುವವರೂ ಇಲ್ಲ. ಬಾಯಾರಿಕೆ ತೀರಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಅಕ್ಕ ಬಾಗಿಲಿಗೆ ಬಂದವಳು ಮೊದಲು ನನ್ನ ಹಿಂದೆ ನೋಡಿದಳು.

“ಡ್ರೈವರ್ ಎಲ್ಲಿ ಅದಾನ? ಚಾ ಕುಡೀಲಿಕ್ಕ ಕರಿ.”

“ಕುಡೀತೀನಿ ಮಾಡು” ಎಂದೆ. ಅವಳಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು.

ಕಾಲು ಹಿಡಿದ ಮೇಲೆ ಅವಳು ಸ್ತವನಿಧಿಯ ಬಸದಿಗೆ ಹೋಗಿರಲಿಲ್ಲ. ಹೋಗೋಣ ಎಂದೆ. ಅದಕ್ಕೆ ತವಂದಿ ಘಾಟ್ ಏರಬೇಕು. ನಾನು ಅದುವರೆಗೆ ಏರು ರಸ್ತೆಯಲ್ಲಿ ಗಾಡಿ ಓಡಿಸಿದವಳೇ ಅಲ್ಲ. ನಮ್ಮ ಕಡೆ ಎಲ್ಲ ಬಯಲು. ಅರ್ಧ ಘಾಟಿನಲ್ಲಿ ಮುಂದಿನ ಲಾರಿ ನಿಂತಿತು, ನಾನೂ ನಿಂತೆ, ಇಂಜಿನ್ ಬಂದ್ ಬಿತ್ತು. ಮುಂದಿನ ಲಾರಿ ಹೊರಟುಹೋಯಿತು. ಹಿಂದೆ ಇನ್ನೊಂದು ಲಾರಿ, ಅದರ ಹಾರ್ನು. ಅಕ್ಕ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಶುರುಮಾಡಿದಳು. ಏರಿನಲ್ಲಿ ನಿಂತರೆ ಏನು ಮಾಡಬೇಕೆಂದು ಚಾಚಾ ಬಾಯಿಮಾತಿನಲ್ಲಿ ಹೇಳಿದ್ದು ನೆನಪಾಯಿತು. ಹ್ಯಾಂಡ್ ಬ್ರೇಕ್ ಎಳೆದು, ಚಾಲೂ ಮಾಡಿ, ಕ್ಲಚ್ ಮೆಲ್ಲಗೆ ಬಿಡುತ್ತ ಬಂದೆ. ಜೀಪು ಒಮ್ಮೆ ನಡುಗಿತು. ಬ್ರೇಕ್ ಬಿಟ್ಟೆ. ಒಂದು ಅಂಗುಲವೂ ಹಿಂದೆ ಸರಿಯದೆ ಮೇಲೇರಿತು. ಹಿಂದಿನ ಲಾರಿಯವನು ನಮ್ಮನ್ನು ದಾಟುವಾಗ ಇಣುಕಿ ನೋಡಿ, ಅಕ್ಕನಿಗೂ ನನಗೂ ಸೇರಿಸಿ ಒಂದು ನಮಸ್ಕಾರ ಮಾಡಿ ಹೋದ.

“ಮುಗೀತೇನ?” ಅಕ್ಕ ಕಣ್ಣು ತೆರೆಯದೆಯೇ ಕೇಳಿದಳು.

“ಮುಗೀತು. ಬಸದಿ ಬಂತು, ಇಳಿ.”

ಅವತ್ತು ಹೊತ್ತು ಇಳಿಯುವ ಮೊದಲೇ ಮನೆ ಸೇರಿ, ಯಜಮಾನರ ಜೊತೆ ಕುಳಿತು ಉಂಡೆ. ಘಾಟಿನ ವಿಷಯ ಒಂದು ವಾರ ಬಿಟ್ಟು ಹೇಳಿದೆ.

ಮುಂದಿನ ವರ್ಷ ಅವರ ಎರಡೂ ಕಣ್ಣು ಸರಿಹೋದವು. ಕೀಲಿಕೈ ಮತ್ತೆ ಅವರ ಜೇಬು ಸೇರಿತು. ನಾನು ಮತ್ತೆ ಎಡಗಡೆ. ಅವರು ಬ್ರೇಕ್ ಒತ್ತುವಾಗ ನನ್ನ ಕಾಲೂ ಒತ್ತುತ್ತಿತ್ತು. ಹದಿನೈದು ದಿನ ತಡೆದುಕೊಂಡೆ. ಆಮೇಲೆ ಒಂದು ದಿನ ಹೇಳಿಯೇಬಿಟ್ಟೆ.

“ಮಂಗಳವಾರ, ಶುಕ್ರವಾರ ಗಾಡಿ ನಂದು.”

“ಶುಕ್ರವಾರ ನನಗ ಅಥಣಿಗೆ ಹೋಗೂದಿರ್ತೈತಿ.”

“ಹಂಗಾದ್ರ ನಾನ ಬಿಟ್ಟ ಬರ್ತೀನ್ರಿ.”

ಕೊನೆಗೆ ಅಥಣಿಯ ಕೆಲಸ ಗುರುವಾರಕ್ಕೆ ಹೋಯಿತು.

ಆ ಎರಡು ದಿನಗಳಲ್ಲಿ ನಾನು ಮಾಡಿದ ದೊಡ್ಡ ಕೆಲಸವೇನೂ ಇಲ್ಲ. ತಿಂಗಳಿಗೊಮ್ಮೆ ಅಕ್ಕ. ಕೆಲವೊಮ್ಮೆ ನೆರೆಯ ಹೆಂಗಸರನ್ನು ಕೂರಿಸಿಕೊಂಡು ಮಿರಜಿನ ದವಾಖಾನೆ. ಒಂದು ಮಂಗಳವಾರ ಯಾವ ಕೆಲಸವೂ ಇರಲಿಲ್ಲ. ಐನಾಪುರ ದಾಟಿ ಹೊಳೆಯ ದಂಡೆಯವರೆಗೆ ಹೋಗಿ, ನೀರು ನೋಡುತ್ತ ಒಂದು ತಾಸು ಕೂತು ಬಂದೆ. ಯಜಮಾನರು ಅಂಗಳದಲ್ಲಿ ದ್ರಾಕ್ಷಿ ಕತ್ತರಿ ಮಸೆಯುತ್ತಿದ್ದರು.

“ಎಲ್ಲಿ ಹೋಗಿದ್ದಿ?”

“ಹೊಳೀ ಕಡೆ.”

“ಏನ ಕೆಲಸ ಇತ್ತು?”

“ಏನೂ ಇರಲಿಲ್ರಿ.”

ಅವರು ಕತ್ತರಿಯ ಅಲಗನ್ನು ಬೆರಳಿನಿಂದ ಮುಟ್ಟಿ ನೋಡಿ, “ಡೀಸೆಲ್ ಹಾಕಿಸಿದಿಯೇನ?” ಎಂದರು.