ಹಾಲಮ್ಮ ಕೂರದ ಬೆಂಚು

ಹೊನ್ನಾಳಿಯ ನಮ್ಮ ಮನೆಯ ಜಗಲಿಯಲ್ಲಿ ಒಂದು ಬೆಂಚಿದೆ. ಬೆಂಚಿಗೆ ಇರಬೇಕಾದುದಕ್ಕಿಂತ ಅಗಲ ಹೆಚ್ಚು. ಹೀಗಾಗಿ ಕೂತವರು ಬೇಗ ಏಳುವುದಿಲ್ಲ, ಊಟದ ಹೊತ್ತಿಗೆ ಬಂದವರಂತೂ ಏಳುವುದೇ ಇಲ್ಲ. ಹಾಲಿನವನು ಕ್ಯಾನು ಇಳಿಸುವುದು ಅದರ ಮೇಲೆ, ಬೆಕ್ಕು ಬಿಸಿಲು ಕಾಯಿಸುವುದು ಅದರ ಮೇಲೆ, ಬೇಸಿಗೆಯಲ್ಲಿ ಸಂಡಿಗೆ ಒಣಗುವುದೂ ಅದರ ಮೇಲೆಯೇ. ಬಂದವರು ಹಲಗೆಯನ್ನು ತಟ್ಟಿ ನೋಡಿ, ಒಳ್ಳೆಯ ಮರ, ಎಲ್ಲಿ ಮಾಡಿಸಿದಿರಿ ಎಂದು ಕೇಳುತ್ತಾರೆ. ಚನ್ನಗಿರಿಯಲ್ಲಿ ಎನ್ನುತ್ತೇನೆ. ಏತಕ್ಕೆಂದು ಮಾಡಿಸಿದ್ದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಸಂಡಿಗೆ ತಿನ್ನುವವರ ಬಾಯಿರುಚಿಯನ್ನು ಯಾಕೆ ಕೆಡಿಸಬೇಕು? ನೀವಾದರೆ ದೂರದಲ್ಲಿ ಕುಳಿತು ಓದುವವರು, ನಿಮಗೆ ಹೇಳಬಹುದು.

ಎಪ್ಪತ್ತರ ದಶಕದಲ್ಲಿ ನಮ್ಮ ಯಜಮಾನರಿಗೆ ಸೂಳೆಕೆರೆಯ ದಂಡೆಯ ಒಂದು ಹಳ್ಳಿಯಲ್ಲಿ ಹೊಸ ಸಭೆಯನ್ನು ಆರಂಭಿಸುವ ಕೆಲಸ ಬಿತ್ತು. ಕ್ರೈಸ್ತರಾದ ನಮ್ಮ ಮಾತಿನಲ್ಲಿ ಸಭೆಯೆಂದರೆ ಕಟ್ಟಡವಲ್ಲ, ದೇವರ ಹೆಸರಿನಲ್ಲಿ ಕೂಡುವ ಜನ. ನಮಗಾದರೋ ಕಟ್ಟಡವೂ ಇರಲಿಲ್ಲ, ಜನವೂ ಇರಲಿಲ್ಲ. ಇದ್ದದ್ದು ಒಂದು ಟ್ರಂಕು, ಒಂದು ದಪ್ಪ ಬೈಬಲ್ಲು, ಒಂದು ಮಡಿಸುವ ಕುರ್ಚಿ ಮತ್ತು ನಾನು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ ಕಟ್ಟಿದವರು, ನೀರಿಗೆ ಬಂದವಳನ್ನು ಊರು ಎಷ್ಟು ಹೊತ್ತು ನೋಡುತ್ತ ನಿಲ್ಲುತ್ತದೆ ಎಂಬುದನ್ನು ಹೇಳದೆ ಬಿಟ್ಟಿದ್ದಾರೆ. ಊರವರು ನಮ್ಮನ್ನು ಬೈಯಲಿಲ್ಲ, ಒಳಗೆ ಕರೆಯಲೂ ಇಲ್ಲ. ಸಂಜೆಯ ಹೊತ್ತು ನಮ್ಮವರು ಅರಳಿಕಟ್ಟೆಯ ಬಳಿ ನಿಂತು ಹಾಡುತ್ತಿದ್ದರು. ಅವರ ಕಂಠ ಇಂಪಾಗಿತ್ತು, ಉಪದೇಶ ಉದ್ದವಾಗಿತ್ತು. ಹಾಡು ಮುಗಿಯುವ ತನಕ ನಿಂತ ಜನಕ್ಕೆ ಉಪದೇಶ ಶುರುವಾದೊಡನೆ ದನ ಕಟ್ಟುವ ಕೆಲಸ ನೆನಪಾಗುತ್ತಿತ್ತು. ಹೋಗದೆ ಉಳಿದವಳು ಹಾಲಮ್ಮ ಒಬ್ಬಳೇ.

ಹಾಲಮ್ಮ ಲಿಂಗವಂತರ ಮನೆಯ ಮಗಳು, ಮಕ್ಕಳಿಲ್ಲದ ವಿಧವೆ. ತಂದೆ ಕಟ್ಟಿಸಿದ ಮನೆಯ ಅರ್ಧದಲ್ಲಿ ಇವಳು, ಇನ್ನರ್ಧದಲ್ಲಿ ತಮ್ಮ ರುದ್ರಪ್ಪನ ಸಂಸಾರ, ನಡುವೆ ಒಂದೇ ಒಂದು ಮಣ್ಣಿನ ಗೋಡೆ. ಅವಳಿಗೆ ದಮ್ಮಿನ ಕಾಯಿಲೆ. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಸಾಲದು. ನಮ್ಮ ಕಡೆಗೆ ಯಾಕೆ ಬಂದೆ ಎಂದು ಒಮ್ಮೆ ಕೇಳಿದ್ದೆ. "ಹಾಡು ಕೇಳಾಕೆ ಬಂದೆ ಅಮ್ಮಾರೆ. ಕುಂತ್ಕಂಡೆ. ಎದ್ದು ಹೋಗಾಕೆ ಮನಸಾಗಲಿಲ್ಲ," ಅಂದಳು. ದೇವರ ಕಡೆಗೆ ಹೇಗೆ ಬಂದೆವೆಂದು ಜನ ಹೇಳುವ ದೊಡ್ಡ ದೊಡ್ಡ ಸಾಕ್ಷಿಗಳನ್ನು ಆಮೇಲೆ ಎಷ್ಟೋ ಕೇಳಿದ್ದೇನೆ, ಇದರಷ್ಟು ನಂಬುವಂಥದ್ದನ್ನು ಕೇಳಿಲ್ಲ. ಅವಳೇ ತನ್ನ ಮನೆಯ ಪಡಸಾಲೆಯನ್ನು ಭಾನುವಾರದ ಪ್ರಾರ್ಥನೆಗೆ ಬಿಟ್ಟುಕೊಟ್ಟಳು. ಹೀಗೆ ಸಭೆಗೆ ಸೂರು ಸಿಕ್ಕಿತು, ಅಕ್ಕತಮ್ಮಂದಿರ ಮಾತು ನಿಂತಿತು.

"ನಮ್ಮಪ್ಪ ಕಟ್ಟಿಸಿದ ಮನಿಯಾಗೆ ಬ್ಯಾರೆ ದೇವ್ರ ಹಾಡು ಹಾಡಾಕೆ ಬಿಟ್ಟೀಯ. ಇವತ್ತಿಗೆ ನನಗೂ ನಿನಗೂ ಮುಗೀತು," ಎಂದು ರುದ್ರಪ್ಪ ಬೀದಿಯಲ್ಲಿ ನಿಂತು ಹೇಳಿಹೋದ. ಆಡಿದ ಮಾತಿಗೆ ತಪ್ಪುವ ಆಸಾಮಿಯಲ್ಲ ಅವನು. ಅವನ ಹೆಂಡತಿ ಮಾತ್ರ ದಿನಾ ಬೆಳಿಗ್ಗೆ ಹಿತ್ತಿಲ ಗೋಡೆಯ ಮೇಲೆ ಒಂದು ಚೊಂಬು ಮಜ್ಜಿಗೆ ಇಟ್ಟು ಹೋಗುತ್ತಿದ್ದಳು. ಅದು ಗಂಡನಿಗೆ ಗೊತ್ತಿತ್ತು, ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಮಾತು ನಿಂತರೂ ಮಜ್ಜಿಗೆ ನಿಲ್ಲಲಿಲ್ಲ.

ನಾಲ್ಕೈದು ವರ್ಷಗಳಲ್ಲಿ ಸಭೆ ಒಂದು ಚಾಪೆಯಿಂದ ಮೂರು ಚಾಪೆಗೆ ಬೆಳೆಯಿತು. ನಮ್ಮವರಿಗೆ ಪೇಟೆಯ ಚರ್ಚಿನಲ್ಲಿ ಇರುವಂತೆ ಸಾಲು ಬೆಂಚುಗಳನ್ನು ಹಾಕಿಸುವ ಆಸೆ. ಗೋಡೆಗೆ ಬೆನ್ನು ಕೊಟ್ಟು ಚಕ್ಕಂಬಕ್ಕಳ ಹಾಕಿದ ಹಾಲಮ್ಮ ಅದಕ್ಕೆ ಒಪ್ಪಲೇ ಇಲ್ಲ. "ದೇವ್ರ ಮುಂದೆ ಕಾಲು ಇಳಿಬಿಟ್ಕಂಡು ಕುಂತ್ಕಂಡ್ರೆ ಹೆಂಗ್ರಿ ಅಯ್ನೋರೆ?" ಎಂದಳು. ಬೆಂಚಿನ ವಿಷಯ ಅಲ್ಲಿಗೇ ನಿಂತಿತು.

ಎಂಬತ್ತರ ದಶಕ ಕಾಲಿಟ್ಟ ಮೇಲೆ ಒಂದು ಬೆಳಿಗ್ಗೆ ಹಾಲಮ್ಮ ತೀರಿಕೊಂಡಳು. ಗೋಡೆಗೆ ಒರಗಿ ಕುಳಿತ ಹಾಗೆಯೇ ಹೋಗಿದ್ದಳು. ಹೆಂಗಸರು ಮುಖ ತೊಳೆಸಿ, ತಲೆ ಬಾಚಿ, ಕೌದಿ ಹೊದಿಸಿದರು; ಅವಳನ್ನು ಮಲಗಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸಭೆಯಲ್ಲಿ ಅದು ಮೊದಲ ಸಾವು. ಯಾವುದಕ್ಕೂ ಕೊರತೆಯಾಗಬಾರದೆಂದು ನಮ್ಮವರು ಮೊದಲ ಬಸ್ಸಿಗೇ ಚನ್ನಗಿರಿಗೆ ಹೋದರು, ಪೆಟ್ಟಿಗೆ ಮಾಡಿಸಲು. ಅವರು ಅತ್ತ ಹೋದ ಮೇಲೆ ಇತ್ತ ರುದ್ರಪ್ಪ ಬಂದ. ಅಷ್ಟು ವರ್ಷ ತುಳಿಯದ ಹೊಸ್ತಿಲನ್ನು ಅವನು ಅಂದೂ ತುಳಿಯಲಿಲ್ಲ. ಹೊರಗೇ ನಿಂತು, ಅಕ್ಕನ ಕಡೆ ನೋಡದೆ, "ಅಮ್ಮಾರೆ, ನಮ್ಮ ಹೊಲದಾಗೆ ಅಪ್ಪ ಅವ್ವನ ಪಕ್ಕ ಜಾಗ ಐತೆ. ಕುಣಿ ನಾನೇ ತೆಗೀತೀನಿ," ಎಂದ. ಆಗಲಿ ಎಂದೆ. ಹೇಗೆ ತೆಗೆಯಲಿ ಎಂದು ಅವನು ಕೇಳಲಿಲ್ಲ, ಹೀಗೆ ತೆಗೆಯಿರಿ ಎಂದು ನಾನು ಹೇಳಲಿಲ್ಲ. ಕುಣಿಯೆಂದರೆ ಹೇಗಿರುತ್ತದೆ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ.

ಚನ್ನಗಿರಿಯ ಬಡಗಿ ಹುಸೇನ್ ಸಾಬರು ಅಂಥ ಪೆಟ್ಟಿಗೆಯನ್ನು ಅದುವರೆಗೆ ಮಾಡಿದವರಲ್ಲ. ಕಾಳು ತುಂಬುವ ಪೆಟ್ಟಿಗೆಯ ಅಂದಾಜಿನಲ್ಲಿ, ಇಲಿ ಹೋಗದ ಹಾಗೆ ಸಂದು ಕೂಡಿಸಿ ಕೊಟ್ಟಿದ್ದರು. ಬಸ್ಸಿನ ಟಾಪಿನಿಂದ ಅದನ್ನು ಇಳಿಸಿ ಹಾಲಮ್ಮನ ಮನೆಯ ಮುಂದಿಟ್ಟು, ಕುಣಿ ನೋಡಿ ಬರೋಣವೆಂದು ನಮ್ಮವರು ಹೊಲಕ್ಕೆ ಹೊರಟರು. ಜೊತೆಗೆ ನಾನೂ ಹೋದೆ.

ಕುಣಿ ಚೌಕವಾಗಿತ್ತು. ನಾಲ್ಕೂ ಮಗ್ಗುಲು ಸಮ, ಆಳ ಆಳುದ್ದ, ಒಂದು ಗೋಡೆಯಲ್ಲಿ ಕೂರಿಸುವುದಕ್ಕೆ ಗೂಡು. ತಳವನ್ನು ಸಗಣಿಯಿಂದ ಸಾರಿಸಿಯೂ ಆಗಿತ್ತು. ಲಿಂಗವಂತರು ತಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ನಾವು ಮಲಗಿಸುತ್ತೇವೆ. ಇದು ತಿಳಿಯದವರು ಆ ಊರಿನಲ್ಲಿ ಯಾರೂ ಇರಲಿಲ್ಲ, ಆದರೂ ಯಾರಿಗೂ ನೆನಪಾಗಿರಲಿಲ್ಲ.

"ರುದ್ರಪ್ಪ, ನಮ್ಮಲ್ಲಿ ಮಲಗಿಸ್ತೀವಪ್ಪ. ಇದನ್ನ ಉದ್ದ ಮಾಡಬೇಕಾಗ್ತದೆ," ಎಂದರು ನಮ್ಮವರು, ಮೆಲ್ಲಗೇ.

ರುದ್ರಪ್ಪ ಕುಣಿಯೊಳಗೆ ಗುದ್ದಲಿ ಹಿಡಿದು ನಿಂತಿದ್ದ. ತಲೆಯೆತ್ತದೆ ಹೇಳಿದ: "ನಮ್ಮವ್ವಗೂ ಹಿಂಗೇ ತೆಗ್ದಿದ್ದು. ಇದು ಬ್ಯಾಡ ಅಂದ್ರೆ ಮುಚ್ಚಿಬಿಡ್ತೀನ್ರಿ. ಅಕ್ಕನ್ನ ಎಲ್ಲಿಗೆ ಬೇಕೋ ಅಲ್ಲಿಗೆ ತಗಂಡು ಹೋಗ್ರಿ."

ಮುಚ್ಚಿದ್ದರೆ ಹಾಲಮ್ಮ ಪೇಟೆಯ ಸ್ಮಶಾನದಲ್ಲಿ, ಹೆಸರು ಗೊತ್ತಿಲ್ಲದವರ ನಡುವೆ ಮಲಗಬೇಕಿತ್ತು. ತಮ್ಮನಾದವನು ಕೊನೆಗೂ ಚಾಚಿದ ಕೈಯನ್ನು ನಾವು ತಳ್ಳಿದ ಹಾಗಾಗುತ್ತಿತ್ತು, ಆಮೇಲೆ ಆ ಊರಿನಲ್ಲಿ ನಮ್ಮ ಚಾಪೆಗಳನ್ನು ಸುತ್ತಿಡುವುದೊಂದೇ ಉಳಿದ ಕೆಲಸ. ಮುಚ್ಚದಿದ್ದರೆ ನಮ್ಮ ಮೇಲಿನ ಹಿರಿಯರು ಬಂದು, ಊರು ನಿಮ್ಮ ದಾರಿಗೆ ಬಂದಿತೋ, ನೀವೇ ಊರಿನ ದಾರಿ ಹಿಡಿದಿರೋ ಎಂದು ಕೇಳುವವರಿದ್ದರು. ನಮ್ಮವರ ಮುಖ ಬಾಡಿತು. ಅವರನ್ನು ನೋಡಿದರೂ ಮರುಕ, ಕುಣಿಯಲ್ಲಿ ನಿಂತವನನ್ನು ನೋಡಿದರೂ ಮರುಕ. ಏನಾದರೂ ಅನ್ನಬೇಕಾಗಿತ್ತು, ಅಂದೆ: "ರುದ್ರಪ್ಪಣ್ಣ, ಹಾಲಮ್ಮ ಮಲಗಿದ್ದನ್ನ ನೀವು ಯಾವತ್ತಾದರೂ ನೋಡಿದ್ದೀರಾ?"

"ಎಲ್ಲಿ ಮಲಗ್ತಿದ್ಲು ಅಮ್ಮಾರೆ? ಮಲಗಿದ್ರೆ ದಮ್ಮು ಹತ್ತೋದು. ಗೋಡೆಗೆ ಬೆನ್ನು ಕೊಟ್ಟು ಕುಂತೇ ಇರ್ತಿದ್ಲು." ಅವನು ಗುದ್ದಲಿಯನ್ನು ಪಕ್ಕಕ್ಕಿಟ್ಟ. "ಈ ಕಡಿಗೆ ನಾನೂ ಅದೇ ಗೋಡೆಗೆ ಒರಗಿ ಕುಂತ್ಕಂತಿದ್ದೆ. ಕೆಮ್ಮು ನಿಂತ ಮ್ಯಾಲೆ ಎದ್ದು ಹೋಗ್ತಿದ್ದೆ."

ಇಷ್ಟು ಹೇಳಿ ಹೆಗಲ ಟವಲಿನಿಂದ ಮುಖ ಮುಚ್ಚಿಕೊಂಡ. ನಮ್ಮವರು ನನ್ನ ಕಡೆ ತಿರುಗಿ, ಬೈಬಲ್ಲನ್ನು ನನಗಿಂತ ಹತ್ತು ಪಾಲು ಬಲ್ಲವರು, "ಮಲಗಿಸಲೇಬೇಕು ಅಂತ ಎಲ್ಲಾದರೂ ಬರೆದಿದೆಯಾ?" ಎಂದು ಕೇಳಿದರು.

"ನನಗೆ ಗೊತ್ತಿಲ್ಲ. ಸತ್ತವರೆಲ್ಲ ಏಳುವ ದಿನ ಬಂದಾಗ ಕೂತವರಿಗೆ ಏಳೋದು ಸುಲಭ ಅಲ್ಲವೇನ್ರಿ?" ಎಂದೆ.

ಸಂಜೆಗೆ ಮುಂಚೆ ಹಾಲಮ್ಮನನ್ನು ನಮ್ಮ ಮಡಿಸುವ ಕುರ್ಚಿಯಲ್ಲಿ ಕೂರಿಸಿ, ಕೌದಿ ಸುತ್ತಿ ಹೊತ್ತು ತಂದರು. ಬದುಕಿದ್ದಾಗ ಒಪ್ಪದ ಆಸನದ ಮೇಲೆ ಅವಳು ಕುಳಿತದ್ದು ಅದೊಂದೇ ಸಲ. ಗೂಡಿನಲ್ಲಿ ಕೂರಿಸಿದ ಮೇಲೆ ರುದ್ರಪ್ಪ ಜೇಬಿನಿಂದ ವಿಭೂತಿ ತೆಗೆದು ನಮ್ಮವರ ಕಡೆ ನೋಡಿದ. ನಮ್ಮವರು ಕೂಡಲೇ ಕಣ್ಣು ಮುಚ್ಚಿ ಪ್ರಾರ್ಥನೆ ಆರಂಭಿಸಿದರು. ಅಂದಿನ ಪ್ರಾರ್ಥನೆ ಬೇಕಾದುದಕ್ಕಿಂತ ಕೊಂಚ ಉದ್ದವಾಯಿತು.

ಹಿರಿಯರು ಬಂದರು, ವಿಚಾರಿಸಿದರು, ನಮ್ಮವರು ಮುಚ್ಚುಮರೆ ಮಾಡದೆ ಎಲ್ಲವನ್ನೂ ಹೇಳಿದರು. ಅವರು ನಿಟ್ಟುಸಿರಿಟ್ಟು, ಉಪ್ಪಿಟ್ಟು ತಿಂದು, ಇನ್ನು ಮುಂದೆ ಮೊದಲೇ ಹೇಳಿ ತೆಗೆಸಿ ಎಂದು ಬುದ್ಧಿ ಹೇಳಿ ಹೋದರು. ಉಳಿದ ಪೆಟ್ಟಿಗೆಯನ್ನು ನೋಡಿದವರೆಲ್ಲ ಬೆದರುತ್ತಿದ್ದರಿಂದ ಹುಸೇನ್ ಸಾಬರೇ ಅದನ್ನು ಬಿಚ್ಚಿ ಬೆಂಚು ಮಾಡಿಕೊಟ್ಟರು. ಆಮೇಲೂ ಸಭೆ ಹಾಲಮ್ಮನ ಪಡಸಾಲೆಯಲ್ಲೇ ಕೂಡುತ್ತಿತ್ತು; ಒಳಗೆ ಅದರ ಮೇಲೆ ಯಾರೂ ಕೂರದ್ದರಿಂದ ಹೊರಗೆ ಸೂರಿನ ಕೆಳಗೆ ಹಾಕಿದೆವು. ಭಾನುವಾರ ಹಾಡು ಶುರುವಾದರೆ ರುದ್ರಪ್ಪ ಬಂದು ಅಲ್ಲಿ ಕೂರುತ್ತಿದ್ದ, ಆಮೆನ್ ಅನ್ನುವುದಕ್ಕೆ ಮುಂಚೆ ಎದ್ದು ಹೋಗುತ್ತಿದ್ದ. ಅವನು ಕೊನೆಯವರೆಗೂ ಸಭೆಗೆ ಸೇರಲಿಲ್ಲ. ಸೇರೆಂದು ನಾವೂ ಹೇಳಲಿಲ್ಲ. ನಮಗೆ ಹೊನ್ನಾಳಿಗೆ ವರ್ಗವಾದಾಗ ಬೆಂಚನ್ನು ಲಾರಿಗೆ ಏರಿಸಿದವನು ಅವನೇ. "ತಗಂಡು ಹೋಗ್ರಿ ಅಮ್ಮಾರೆ. ಇನ್ನು ಮ್ಯಾಲೆ ನಾನು ಒಳಗೇ ಗೋಡೆ ಪಕ್ಕ ಕುಂತ್ಕತೀನಿ," ಎಂದ.

ಈಗ ನಮ್ಮವರಿಲ್ಲ. ಅವರನ್ನು ಉದ್ದನೆಯ ಕುಣಿಯಲ್ಲಿ ಕ್ರಮವಾಗಿಯೇ ಮಲಗಿಸಿದ್ದೇವೆ. ಕೆಲವು ದಿನಗಳಿಂದ ನನಗೂ ದಮ್ಮು ಹತ್ತಿದೆ, ಮಲಗಿದರೆ ಉಸಿರು ಸಿಗುವುದಿಲ್ಲ. ಜಗಲಿಗೆ ಬಂದು, ಬೆಂಚಿನ ಮೇಲಲ್ಲ, ಬೆಂಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತೇನೆ. ನೋಡಿದವರಿಗೆ ವಿಚಿತ್ರ, ಅಷ್ಟು ಅಗಲದ ಬೆಂಚಿದ್ದೂ ನೆಲವೇ ಎನ್ನುತ್ತಾರೆ. ಮೊನ್ನೆ ಮಗಳು ಪಕ್ಕ ಕುಳಿತು, ನಿನ್ನನ್ನು ಅಪ್ಪನ ಪಕ್ಕದಲ್ಲೇ ಇಡಬೇಕಲ್ಲವೇ ಎಂದು ಹಿಂಜರಿಯುತ್ತ ಕೇಳಿದಳು. ಎಲ್ಲಾದರೂ ಆಗಲಿ ಎಂದೆ. ಒಂದು ಮಾತು ಮಾತ್ರ ನೆನಪಿಟ್ಟುಕೊ ಎಂದೆ: ಕರೆಯದೆ ಬಂದು ಯಾರಾದರೂ ತಮ್ಮ ಕೈಯಾರೆ ನನಗೆ ಕುಣಿ ತೆಗೆದರೆ, ಅದನ್ನು ತಿದ್ದಿಸಬೇಡ, ಅವರು ತೆಗೆದ ಹಾಗೆ ನನ್ನನ್ನು ಇಡು.