ಚೆಂಡೆ ಬಂದರೆ ನಿಧಾನ

ಓಡುತ್ತಿರುವ ಮನುಷ್ಯ "ಹೌದು, ಹೌದು, ಅದು ಸರಿ" ಎಂದು ಯಾರಿಗೋ ಉತ್ತರ ಕೊಡುತ್ತಾ ಎದುರಿನಿಂದ ಬಂದರೆ ಸುಳ್ಯಕ್ಕೆ ಹೊಸಬರಾದವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಹಳಬರು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಬಾಲಣ್ಣನ ಕಿವಿಯಲ್ಲಿ ಯಕ್ಷಗಾನ ನಡೆಯುತ್ತಿದೆ, ಯಾವನೋ ರಾಕ್ಷಸ ನ್ಯಾಯವಾದ ಮಾತು ಹೇಳಿದ್ದಾನೆ, ಬಾಲಣ್ಣ ಅದನ್ನು ಒಪ್ಪಿದ್ದಾರೆ, ಅಷ್ಟೇ ಎಂದು ಅವರಿಗೆ ಗೊತ್ತಿತ್ತು. ಸೊಂಟಕ್ಕೆ ಬಿಗಿದ ಬೈರಾಸು ವಸ್ತ್ರದ ಮಡಿಕೆಯಲ್ಲಿ ಮೊಬೈಲು, ಅಲ್ಲಿಂದ ಅಂಗಿಯೊಳಗೆ ಹತ್ತಿ ಕಾಲರಿನಲ್ಲಿ ಹೊರಬಂದ ಇಯರ್‌ಫೋನಿನ ವಯರು, ಮುಖದ ಮೇಲೆ ಮುಂದಿನ ಸಾಲಿನಲ್ಲಿ ಕೂತು ಯಕ್ಷಗಾನದ ಆಟ ನೋಡುವವನ ಗಂಭೀರತೆ. ಕಾಲು ಮಾತ್ರ ಅದರ ಪಾಡಿಗೆ ಅದು ಓಡುತ್ತಿತ್ತು.

ಅವರದು ಡ್ರೈವಿಂಗ್ ಸ್ಕೂಲು. ಊರಿನ ಅರ್ಧದಷ್ಟು ಜನಕ್ಕೆ ಕಾರು ಕಲಿಸಿದ ಮನುಷ್ಯ ತಾನು ಮಾತ್ರ ಭಾನುವಾರ ಬೆಳಗಾದರೆ ಕಾಲಿನಲ್ಲಿ ಹೊರಡುವುದನ್ನು ಕಂಡು ನಗದವರಿಲ್ಲ. ನಾನು ಕಡಬದ ಹೈಸ್ಕೂಲಿಗೆ ವರ್ಗವಾದ ಮೇಲೆ, ಬಸ್ಸಿಗೆ ಕಾದು ಸಾಕಾಗಿ, ನಲವತ್ತರ ಹತ್ತಿರ ಹತ್ತಿರದಲ್ಲಿ ಕಾರು ಕಲಿಯಲು ಅವರ ಬಳಿ ಹೋದೆ. ತರಗತಿಯಲ್ಲಿ ನಾನು ಮಕ್ಕಳನ್ನು ಗದರಿಸುವವಳು. ಅವರ ಕಾರಿನಲ್ಲಿ ನನ್ನ ಕೈ ಬೆವರುತ್ತಿತ್ತು. ಬಾಲಣ್ಣ ಒಮ್ಮೆಯೂ ಸ್ವರ ಏರಿಸಲಿಲ್ಲ. "ಟೀಚರೇ, ಕ್ಲಚ್ಚು ನಿಮಗೆ ಎಂತ ಅನ್ಯಾಯ ಮಾಡಿದೆ? ಮೆಲ್ಲ ಬಿಡಿ. ಅದಕ್ಕೂ ಜೀವ ಉಂಟು ಅಂತ ಎಣಿಸಿ" ಎನ್ನುತ್ತಿದ್ದರು. ಕಲಿಸುವವರ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದಲ್ಲ, ಅದನ್ನು ಅವರು ಒತ್ತುತ್ತಿದ್ದದ್ದು ನನಗೆ ತಿಳಿಯುತ್ತಲೇ ಇರಲಿಲ್ಲ. ಪುತ್ತೂರಿನ ಪೇಟೆಯಲ್ಲಿ ನಾನೇ ಕಾರು ದಾಟಿಸಿದೆ ಎಂದು ತುಂಬಾ ದಿನ ಜಂಬದಲ್ಲಿದ್ದೆ.

ಲೈಸೆನ್ಸು ಬಂದ ಸ್ವಲ್ಪ ಸಮಯಕ್ಕೆ ನನಗೆ ಸಕ್ಕರೆ ಕಾಯಿಲೆಯೂ ಬಂತು. ಡಾಕ್ಟರು ನಡೆಯಲು ಹೇಳಿದ್ದಾರೆ ಎಂದೆ. "ನಡೆಯುದು ಎಂತಕ್ಕೆ ಮಾರಾಯ್ರೆ, ಓಡುವ" ಎಂದರು ಬಾಲಣ್ಣ. ಹಾಗೆ ಭಾನುವಾರಗಳಲ್ಲಿ ನಾನು ಅವರ ಹಿಂದೆ ಬಿದ್ದೆ. ಕಾಂತಮಂಗಲದ ಸೇತುವೆ ದಾಟಿ ಅಜ್ಜಾವರದ ತನಕ ನಾನು, ಅಲ್ಲಿಂದ ಮುಂದೆ ಅವರೊಬ್ಬರೇ.

ಮೊದಲ ವಾರ ನಾನು ಕುಣಿತದ ಸಿನಿಮಾ ಹಾಡುಗಳನ್ನು ಕಿವಿಗೆ ತುಂಬಿಕೊಂಡು ಹೋಗಿ, ಸುಸ್ತಾಗಿ ಸೇತುವೆಯ ಮೇಲೆಯೇ ಕೂತುಬಿಟ್ಟಿದ್ದೆ. ಬಾಲಣ್ಣ ನನ್ನ ಮೊಬೈಲು ತೆಗೆದು ನೋಡಿದರು. "ಇದು ಮದುವೆ ದಿಬ್ಬಣಕ್ಕೆ ಆದೀತು. ದೂರಕ್ಕೆ ಆಗುದಿಲ್ಲ" ಎಂದು ತೀರ್ಪು ಕೊಟ್ಟರು. ದೂರದ ಓಟಕ್ಕೆ ಇಡೀ ರಾತ್ರಿಯ ಆಟವೇ ಆಗಬೇಕು ಎಂಬುದು ಅವರ ಸಿದ್ಧಾಂತ. ತಾವು ಕೇಳುತ್ತಿದ್ದ ಆಟವನ್ನೇ ನನ್ನ ಮೊಬೈಲಿಗೂ ಹಾಕಿಕೊಟ್ಟರು. ಭಾಗವತರು ಮೊದಲು ಎಳೆದು ಎಳೆದು ಹಾಡುತ್ತಾರೆ, ಮದ್ದಳೆ ಮೆತ್ತಗೆ ಜೊತೆಗಿರುತ್ತದೆ. ಅದು ಕಾಲು ಬಿಸಿಯಾಗುವ ಹೊತ್ತು. ಆಮೇಲೆ ಮಾತು, ಅದು ಉಸಿರಿಗೆ. ಕೊನೆಗೆ ಯುದ್ಧದ ಏರು ಪದ್ಯ, ಚೆಂಡೆ. ಚೆಂಡೆ ಕೇಳಿದ್ದೇ ನಾನು ಓಟ ಜೋರು ಮಾಡಿದರೆ ಹಿಂದಿನಿಂದ ಕೂಗುತ್ತಿದ್ದರು: "ನಿಧಾನ, ನಿಧಾನ! ಚೆಂಡೆ ಹೊಡೆಯುದು ವೇಷಕ್ಕೆ ಟೀಚರೇ, ನಿಮಗಲ್ಲ!" ಚೆಂಡೆ ಬಂದಾಗ ಕಾಲನ್ನು ಹಿಡಿದಿಟ್ಟುಕೊಂಡವನು ಮಾತ್ರ ಮನೆ ಮುಟ್ಟುತ್ತಾನೆ ಎನ್ನುತ್ತಿದ್ದರು.

ಆ ಆಟ ಅವರೇ ಎಳೆಯ ಪ್ರಾಯದಲ್ಲಿ ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ನಡುನಡುವೆ ಯಾರೋ ಕೆಮ್ಮುತ್ತಾರೆ, ಒಂದು ಮಗು ಅಳುತ್ತದೆ, ಕಡಲೆ ಮಾರುವವನು ಹತ್ತಿರ ಬಂದು ದೂರ ಹೋಗುತ್ತಾನೆ. ಮೊಬೈಲಿಗೆ ಹಾಕಿಸುವಾಗ ಅಂಗಡಿಯವನು ಆ ಗಲಾಟೆಯನ್ನೆಲ್ಲ ತೆಗೆಯಲಾ ಎಂದು ಕೇಳಿದ್ದನಂತೆ. ಜನರನ್ನು ಎಬ್ಬಿಸಿ ಕಳಿಸಿ ನಾನೊಬ್ಬನೇ ಆಟ ನೋಡುದಾ ಎಂದು ಬಾಲಣ್ಣ ಬೈದು ಬಂದಿದ್ದರು. ಒಂದು ಭಾನುವಾರ ನಿಲ್ಲಿಸಿದಲ್ಲಿಂದ ಮುಂದಿನ ಭಾನುವಾರ ಶುರು. ಮುಗಿದರೆ ಮತ್ತೆ ಮೊದಲಿನಿಂದ. ಮನೆಯಲ್ಲಿ ಮಾತ್ರ ಅದನ್ನು ಹಾಕುತ್ತಿರಲಿಲ್ಲ. "ಅದು ಕೇಳಿದ್ರೆ ಕಾಲು ಸುಮ್ಮನೆ ಕೂರುದಿಲ್ಲ" ಎನ್ನುವರು. ಅವರ ಹೆಂಡತಿ ಸರೋಜಕ್ಕ, "ನಮಗೆ ಆ ಪುಣ್ಯ ಇಲ್ಲ ಟೀಚರ್, ರಸ್ತೆಗೆ ಮಾತ್ರ ಕೇಳಿಸ್ತಾರೆ" ಎಂದು ನನ್ನ ಬಳಿ ನಗುತ್ತಿದ್ದರು.

ಒಮ್ಮೆ ನೆಲ್ಯಾಡಿಯಿಂದ ಕಡಬಕ್ಕೆ ಯಾವುದೋ ಯುವಕರ ಸಂಘದವರು ಓಟದ ಸ್ಪರ್ಧೆ ಇಟ್ಟಿದ್ದರು. ಬಾಲಣ್ಣ ತಮ್ಮ ಪ್ರಾಯದವರಲ್ಲಿ ಎಲ್ಲರಿಗಿಂತ ಮುಂದಿದ್ದರು. ಅರ್ಧ ದಾರಿಯಲ್ಲಿ ಮೊಬೈಲಿನ ಬ್ಯಾಟರಿ ಸತ್ತಿತು. ಬೇರೆ ಯಾರಾದರೂ ಆಗಿದ್ದರೆ ಇಯರ್‌ಫೋನು ಕಿತ್ತು ಬೈರಾಸಿಗೆ ತುರುಕಿ ಓಡುತ್ತಿದ್ದರು. ಬಾಲಣ್ಣ ರಸ್ತೆ ಬದಿಯ ಒಂದು ಅಂಗಡಿಗೆ ಹೋಗಿ, ಮೊಬೈಲು ಚಾರ್ಜಿಗೆ ಇಟ್ಟು, ಸೋಡಾ ಶರಬತ್ತು ಕುಡಿದು, ಅಂಗಡಿಯವರ ಕಷ್ಟಸುಖ ವಿಚಾರಿಸಿ, ಆಮೇಲೆ ಹೊರಟರು. ಕಡಬಕ್ಕೆ ಬರುವಾಗ ಬಹುಮಾನ ಹಂಚಿ ಆಗಿತ್ತು, ಪೆಂಡಾಲಿನವರು ಕುರ್ಚಿ ಮಡಚುತ್ತಿದ್ದರು. ನನಗೆ ಸಿಟ್ಟು ಬಂತು. "ಅಷ್ಟು ದೂರ ಸುಮ್ಮನೆ ಓಡಲಿಕ್ಕೆ ಆಗ್ತಿರಲಿಲ್ವಾ ಬಾಲಣ್ಣ?" ಎಂದೆ. "ರಾಜ ಸಭೆಯಲ್ಲಿ ಎದ್ದು ನಿಂತಿದ್ದ ಟೀಚರೇ. ಅವನು ಎಂತ ಹೇಳ್ತಾನೆ ಅಂತ ಕೇಳದೆ ಹೇಗೆ ಬರುದು?" ಎಂದರು. ಎಷ್ಟು ಸಲ ಕೇಳಿದ ಮಾತೋ ಅದು!

ಕಾಯಿಲೆ ಬಂದದ್ದು ಎಡಗಾಲಿನಿಂದ. ಜೊತೆಗೆ ಓಡುವಾಗ ಅವರ ಒಂದು ಹೆಜ್ಜೆ ರಸ್ತೆಗೆ ಪಟ್ ಎಂದು ಬಡಿಯುವುದು ನನಗೆ ಕೇಳಿಸತೊಡಗಿತು. "ಶೂ ಸರಿ ಇಲ್ಲ" ಎಂದರು, ಹೊಸ ಶೂ ತೆಗೆದುಕೊಂಡರು, ಅದನ್ನೂ ಬದಲಾಯಿಸಿದರು. ಒಂದು ದಿನ ಡ್ರೈವಿಂಗ್ ಕಲಿಯುತ್ತಿದ್ದ ಹುಡುಗಿಯೊಬ್ಬಳು ಇಳಿಜಾರಿನಲ್ಲಿ ಗಾಬರಿಯಾದಾಗ ಬಾಲಣ್ಣ ತಮ್ಮ ಬದಿಯ ಕ್ಲಚ್ಚು ಒತ್ತಲು ಹೋದರು. ಎಡಗಾಲು ಏಳಲಿಲ್ಲ. ಬ್ರೇಕು ಬಲಗಾಲಿಗಿದ್ದ ಕಾರಣ ಕಾರು ಜರ್ಕು ಹೊಡೆದು ಚರಂಡಿಯ ಅಂಚಿನಲ್ಲಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಮರುದಿನದಿಂದ ಅವರು ಕಲಿಸುವುದನ್ನು ಬಿಟ್ಟರು. ಮಂಗಳೂರಿನ ಡಾಕ್ಟರು ನರಗಳು ಒಂದೊಂದೇ ಸಾಯುತ್ತಿವೆ, ಕಾಲು ಆಯಿತು, ಕೈ ಹೋಗುತ್ತದೆ, ಮಾತು ಹೋಗುತ್ತದೆ, ಕೊನೆಗೆ ಉಸಿರು, ಇದಕ್ಕೆ ಮದ್ದಿಲ್ಲ ಎಂದು ಬಿಡಿಸಿ ಹೇಳಿದರು. ಬುದ್ಧಿ ಮಾತ್ರ ಕೊನೆಯ ತನಕ ಸ್ವಚ್ಛ ಇರುತ್ತದಂತೆ. ಅದನ್ನು ಅವರು ಸಮಾಧಾನದ ಮಾತು ಎಂಬಂತೆ ಹೇಳಿದ್ದು ಈಗಲೂ ನನಗೆ ಅರ್ಥವಾಗಿಲ್ಲ.

ಡಾಕ್ಟರು ಹೇಳಿದ ಕ್ರಮದಲ್ಲೇ ಎಲ್ಲ ಹೋಯಿತು. ಎರಡನೆಯ ಮಳೆಗಾಲ ಕಳೆಯುವಾಗ ಬಾಲಣ್ಣ ಮಂಚದಲ್ಲಿದ್ದರು, ಮಾತು ನಿಂತಿತ್ತು. ಹೌದಾದರೆ ಕಣ್ಣು ಮುಚ್ಚಿ ತೆರೆಯುವುದು, ಅಲ್ಲವಾದರೆ ಗೋಡೆಯ ಕಡೆ ನೋಡುವುದು. ಹಾಗೆ ನೀರು ಬೇಕಾ, ಮಗ್ಗುಲು ಬದಲಿಸಬೇಕಾ ಎಂದು ಕೇಳಿ ಸರೋಜಕ್ಕ ಮಗುವಿನಂತೆ ನೋಡಿಕೊಳ್ಳುತ್ತಿದ್ದರು.

ಒಂದು ಶನಿವಾರ ಶಾಲೆ ಬಿಟ್ಟು ಹೋದಾಗ ಅವರ ಮನೆಯ ಗೇಟಿನ ತನಕ ಚೆಂಡೆ ಕೇಳುತ್ತಿತ್ತು. ಒಳಗೆ ಮಂಚದ ತಲೆಯ ಹತ್ತಿರ ಹೊಸ ಸ್ಪೀಕರು. ಸರೋಜಕ್ಕ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಅಷ್ಟು ಖುಷಿಯಲ್ಲಿ ಅವರನ್ನು ಕಾಣದೆ ತುಂಬಾ ಕಾಲವಾಗಿತ್ತು. "ನೋಡಿ ಟೀಚರ್, ಇಲ್ಲಿ ನೋಡಿ" ಎಂದು ಹೊದಿಕೆ ಸರಿಸಿದರು. ಒಣಗಿದ ತೊಡೆಯ ಚರ್ಮದ ಅಡಿಯಲ್ಲಿ ಏನೋ ಸಣ್ಣಗೆ ಅದುರುತ್ತಿತ್ತು, ನೀರಿನಲ್ಲಿ ಮೀನಿನ ಮರಿಗಳು ಓಡಾಡಿದ ಹಾಗೆ. "ಆಟ ಹಾಕಿದ್ರೆ ಕಾಲು ಆಡ್ತದೆ. ಅವರೇ ಹೇಳ್ತಿದ್ದದ್ದು ಅಲ್ವಾ, ಅದು ಕೇಳಿದ್ರೆ ಕಾಲು ಸುಮ್ಮನೆ ಕೂರುದಿಲ್ಲ ಅಂತ? ಡಾಕ್ಟರಿಗೆ ಎಂತ ಗೊತ್ತುಂಟು. ಬೆಳಗ್ಗಿಂದ ಸಂಜೆವರೆಗೆ ಹಾಕ್ತೇನೆ. ಅವರಿಗೂ ಎಷ್ಟು ಸಂತೋಷ, ಕಣ್ಣಲ್ಲಿ ನೀರು ಬರ್ತದೆ ನೋಡಿ."

ನೀರು ಬರುತ್ತಿತ್ತು, ನಿಜ. ನಾನು ಬಾಲಣ್ಣನ ಮುಖ ನೋಡಿದೆ. ಆಟ ನೋಡುವವನ ಮುಖ ಅದಾಗಿರಲಿಲ್ಲ. ಕಣ್ಣು ಗೋಡೆಯನ್ನೇ ಹಿಡಿದಿತ್ತು.

ಅವರಿಗೆ ನೀರು ಬೇಕೋ ಎಂದು ಕೇಳುತ್ತಿದ್ದ ಮನೆಯಲ್ಲಿ ಆಟ ಬೇಕೋ ಎಂದು ಒಬ್ಬರೂ ಕೇಳಿರಲಿಲ್ಲ. ಅದಕ್ಕೆ ಉತ್ತರ ಇಡೀ ಸುಳ್ಯಕ್ಕೆ ಗೊತ್ತಿತ್ತಲ್ಲ! ಸರೋಜಕ್ಕನ ಆ ಖುಷಿಯನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ, ಮುಟ್ಟದೆ ಎದ್ದು ಬರುವುದೂ ಸಾಧ್ಯವಿರಲಿಲ್ಲ. ಬಗ್ಗಿ ಕೇಳಿದೆ: "ಬಾಲಣ್ಣ, ಇದು ನಿಲ್ಲಿಸಬೇಕಾ?"

ಅವರು ನನ್ನ ಕಡೆ ತಿರುಗಿ ಕಣ್ಣು ಮುಚ್ಚಿದರು. ತೆರೆದು ಮತ್ತೆ ಮುಚ್ಚಿದರು. ಮತ್ತೆ, ಮತ್ತೆ.

"ಅಲ್ಲ, ಟೀಚರ್, ಅವರಿಗೆ ಪಾಪ ನಿದ್ರೆ ಬರ್ತಾ ಉಂಟು" ಎಂದರು ಸರೋಜಕ್ಕ. ಆಮೇಲೆ ತಾವೇ ಹತ್ತಿರ ಬಂದು ಗಂಡನ ಗಲ್ಲ ಹಿಡಿದು ಕೇಳಿದರು: "ನಿಮಗೆ ಇದು ಬೇಡವಾ?" ಕಣ್ಣು ಮುಚ್ಚಿತು. "ಬೇರೆ ಎಂತಾದ್ರೂ ಹಾಕ್ಲಾ? ರೇಡಿಯೋ? ಭಜನೆ?" ಕಣ್ಣು ಗೋಡೆಗೆ ಹೋಯಿತು. "ಎಂತದೂ ಬೇಡವಾ?" ಕಣ್ಣು ಮುಚ್ಚಿತು, ಈ ಸಲ ತುಂಬಾ ಹೊತ್ತು.

ಆ ದೀಪಾವಳಿಯ ಮೊದಲೇ ಬಾಲಣ್ಣ ತೀರಿಕೊಂಡರು. ನಾನು ಅವರನ್ನು ಜೀವಂತ ಕಂಡದ್ದು ಅದೇ ಕೊನೆ. ಭಾನುವಾರ ಈಗಲೂ ಅಜ್ಜಾವರದ ತನಕ ಹೋಗುತ್ತೇನೆ, ಸಕ್ಕರೆ ಕಾಯಿಲೆ ಇದೆಯಲ್ಲ. ಕಿವಿಗೆ ಏನನ್ನೂ ಹಾಕುವುದಿಲ್ಲ. ಓಡುವುದೂ ಇಲ್ಲ.

ಆ ಶನಿವಾರ ಸ್ಪೀಕರು ನಿಲ್ಲಿಸಿದ್ದು ಸರೋಜಕ್ಕನೇ. ಭಾಗವತರ ಸ್ವರ ಪದ್ಯದ ನಡುವೆ ತುಂಡಾಯಿತು. ಅವರು ತಿರುಗಿ ಬಂದು ಹೊದಿಕೆ ಎಳೆಯಲು ಬಗ್ಗಿದವರು ಹಾಗೆಯೇ ನಿಂತುಬಿಟ್ಟರು. ನಾನೂ ನೋಡಿದೆ. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ತೊಡೆ ಮೊದಲಿನಷ್ಟೇ ಅದುರುತ್ತಿತ್ತು.