ಸತ್ವಾದ ಐಸ್ ರಿಂಕ್

ಗೆಳೆಯರೇ, ದುಬೈಯ ಸತ್ವಾದಲ್ಲಿರುವ ನಮ್ಮ ವಿಲ್ಲಾದ ಹಿತ್ತಲಿನಲ್ಲಿ ಇಂದು ಐಸ್ ಸ್ಕೇಟಿಂಗ್ ರಿಂಕ್ ಉದ್ಘಾಟನೆಯಾಗಿ, ಹತ್ತೇ ನಿಮಿಷದಲ್ಲಿ ಮುಕ್ತಾಯವೂ ಆಯಿತು. ಕೆಳಗಿನ ಕೋಣೆಯ ಸದಾನಂದಣ್ಣ ಮಗಳ ಹುಟ್ಟುಹಬ್ಬಕ್ಕೆಂದು ಟಾರ್ಪಾಲು ಹಾಸಿ, ಮೀನು ಮಾರ್ಕೆಟಿನಿಂದ ತಂದ ಐಸ್ ತುಂಬಿ, ಐಸ್ ತುಂಡುಗಳ ಸಂದು ಮುಚ್ಚಲು ನಲ್ಲಿ ತಿರುಗಿಸಿದರು. ಬಂದದ್ದು ತಾರಸಿಯ ಟ್ಯಾಂಕಿಯಲ್ಲಿ ಜುಲೈ ಬಿಸಿಲಿಗೆ ಬೆಂದ ನೀರು.

"ಅಣ್ಣಾ, ಆ ನೀರು ಕುದೀತಾ ಉಂಟಲ್ಲ?" ಎಂದೆ.

"ಕುದಿಯುದು ಹೇಗೆ ಮಾರಾಯ? ಗೀಸರ್ ಬೆಳಿಗ್ಗೆಯೇ ಆಫ್ ಮಾಡಿದ್ದೇನೆ!"

ಇಪ್ಪತ್ತು ವರ್ಷಗಳಿಂದ ದುಬೈಯ ಮನೆಗಳಿಗೆ ಎ.ಸಿ. ಕೂರಿಸುತ್ತಿರುವವರ ಮಾತಿದು.

ಮಗಳು ಬಗ್ಗಿ ಮೂಸಿ ನೋಡಿ, "ಪಪ್ಪಾ, ದಿಸ್ ಈಸ್ ಫಿಶ್ ಸೂಪ್" ಎಂದಳು.

ಸಂಜೆ ಸ್ಕೇಟಿಂಗಿಗೆ ಕರೆದವರಿಗೆಲ್ಲ ಈಗಷ್ಟೇ ಅಣ್ಣನ ಹೊಸ ಮೆಸೇಜ್ ಬಂದಿದೆ: "ಸ್ವಿಮ್ಮಿಂಗ್ ಪಾರ್ಟಿ. ಟವೆಲ್ ತನ್ನಿ."

ನಾನು ಟವೆಲ್ ಜೊತೆ ಒಂದು ಉಂಡೆ ಹುಣಸೆಹಣ್ಣನ್ನೂ ಒಯ್ಯುತ್ತಿದ್ದೇನೆ.